ಮದುಮಗಳಿಗೆ ಸೈಕಲ್ ಹುಚ್ಚು ಐತೆ ಅಂದ್ರೆ ಗಿಫ್ಟ್ ಆರಿಸೋದು ಹೆಂಗೆ? ಅಂಗಡಿಗೆ ಹೋಗೋಕ್ ಮುಂಚೆ ಇದನ್ನ ಓದ್ರಿ

ಮದುವೆ ಸೀಸನ್ ಬಂತು ಅಂದ್ರೆ ನನ್ ಫೋನಿಗೆ ಒಂದೇ ಥರದ ಮೆಸೇಜು. ಒಂದು ಫೋಟೋ, ಅದರ ಕೆಳಗೆ "ಇದು ಸರಿ ಹೋಗುತ್ತಾ ನೋಡಣ್ಣ". ಫೋಟೋದಲ್ಲಿ ಸೈಕಲ್ ಸೀಟು, ಇಲ್ಲಾ ಜೆರ್ಸಿ, ಇಲ್ಲಾ ಟೈರು. ಅಷ್ಟೊತ್ತಿಗೆ ದುಡ್ಡು ಕೊಟ್ಟಾಗಿರುತ್ತೆ, ಮದುವೆ ನಾಳಿದ್ದು ಇರುತ್ತೆ, ನಾನು ಸರಿ ಇಲ್ಲ ಅಂದ್ರೆ ಬೇಜಾರು, ಸರಿ ಐತೆ ಅಂದ್ರೆ ಸುಳ್ಳು.

ಎಲ್ರೂ ತಪ್ಪೋದು ಒಂದೇ ಕಡೆ. ಅಂಗಡಿಯಿಂದ ಶುರು ಮಾಡ್ತಾರೆ. ಈ ಕೆಲಸದಾಗೆ ಅಂಗಡಿ ಬರೋದು ಐದನೇ ಹಂತದಲ್ಲಿ, ಅದಕ್ಕೂ ಮುಂಚೆ ನಾಲ್ಕು ಕೆಲಸ ಅವೆ, ಅವಕ್ಕೆ ಒಂದು ರೂಪಾಯಿನೂ ಖರ್ಚಿಲ್ಲ. ಬೇಕಾಗೋದು ಟೈಲರ್ ಟೇಪು, ಕ್ಯಾಮೆರಾ ಇರೋ ಫೋನು, ಮತ್ತೆ ಹುಡುಗಿ ಮನೆಯೊಳಗೆ ನಿಮ್ಮ ಮಾತು ಕೇಳೋ ಒಬ್ಬ ಮನುಷ್ಯ. ಟೈಮು ಕಮ್ಮಿ ಅಂದ್ರೂ ಮೂರು ವಾರ.

ಹಂತ 1: ಮನೆಯೊಳಗಿನ ಒಬ್ಬರನ್ನ ಹಿಡ್ಕೊಳ್ರಿ

ತಮ್ಮ, ತಂಗಿ, ರೂಮ್‌ಮೇಟ್, ಜೊತೆಗೆ ಸೈಕಲ್ ಹೊಡಿಯೋ ಗೆಳತಿ, ಯಾರಾದ್ರೂ ನಡಿಯುತ್ತೆ. ಅಪ್ಪ ಅಮ್ಮನ್ನ ಮಾತ್ರ ಕೇಳಕ್ಕೆ ಹೋಗ್ಬೇಡಿ, ಅವರು ಛತ್ರ, ಅಡುಗೆ, ಸೀರೆ ಅಂತ ತಲೆ ಕೆಡಿಸ್ಕೊಂಡಿರ್ತಾರೆ, ನೀವು ಟೈರ್ ಸೈಜ್ ಕೇಳಿದ್ರೆ "ಅಯ್ಯೋ ಬಿಡಪ್ಪ, ಬೆಳ್ಳಿ ದೀಪ ಕೊಟ್ಬಿಡು" ಅಂತಾರೆ. ಆಗಬೇಕಾದವರಲ್ಲಿ ತಮ್ಮನೇ ಬೆಸ್ಟು, ಅವನಿಗೆ ಒಂದು ಬೆಣ್ಣೆ ದೋಸೆ ಕೊಡಿಸಿದ್ರೆ ಕೆಲಸ ಆಗುತ್ತೆ.

ಅವನಿಗೆ ಮೊದಲೇ ಒಂದು ಪ್ರಶ್ನೆ ಹಾಕ್ರಿ: ಬೇರೆ ಯಾರಾದ್ರೂ ಸೈಕಲ್ ಸಾಮಾನು ಕೊಡ್ತಿದಾರಾ? ಸೈಕಲ್ ಹುಚ್ಚು ಇರೋ ಹುಡುಗಿಗೆ ಎಲ್ರಿಗೂ ಹೊಳಿಯೋದು ಹೆಲ್ಮೆಟ್ಟೇ, ಕೊನೆಗೆ ಮೂರು ಹೆಲ್ಮೆಟ್ಟು ಬಂದು ಕೂತ್ಕೊಂತಾವೆ.

ಹಂತ 2: ಅವಳು ಎಂಥ ಸೈಕಲ್ ಹೊಡೀತಾಳೆ ತಿಳ್ಕೊಳ್ರಿ

"ಸೈಕ್ಲಿಂಗ್ ಇಷ್ಟ" ಅನ್ನೋದು ಒಂದೇ ಮಾತಾದ್ರೂ ಒಳಗೆ ಮೂರ್ನಾಲ್ಕು ಜಾತಿ ಐತೆ. ನಮ್ಮ ದಾವಣಗೆರೆ ಲೆಕ್ಕದಾಗೆ ಹೇಳೋದಾದ್ರೆ, ಬೆಳಗ್ಗೆ ಕುಂದುವಾಡ ಕೆರೆ ತನಕ ಹೋಗಿ ಒಂದು ರೌಂಡ್ ಹೊಡ್ಕೊಂಡು ಬರೋಳು ಬೇರೆ. ಭಾನುವಾರ ಕೊಂಡಜ್ಜಿ, ಹರಿಹರ ಕಡೆ ಹೋಗಿ ಬರೋಳು ಬೇರೆ. ಆನಗೋಡು, ಭರಮಸಾಗರ ದಾಟಿ ಚಿತ್ರದುರ್ಗಕ್ಕೆ ಹೋಗಿ ಅವತ್ತೇ ವಾಪಸ್ ಬರೋಳು ಇನ್ನೊಂದು ಥರ, ಹೋಗಿ ಬರೋದು ಸೇರಿ 120 ಕಿಲೋಮೀಟರ್ ಆಸುಪಾಸು ಆಗುತ್ತೆ ಅದು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಏರು ಹತ್ತೋಕೇ ಹೋಗೋಳು ಮತ್ತೊಂದು ಥರ.

ಇನ್ನು ಕೆಲವರು ಬ್ರೆವೆ ಹೊಡೀತಾರೆ, ಅಂದ್ರೆ 200 ಕಿಲೋಮೀಟರನ್ನ ಹದಿಮೂರೂವರೆ ಗಂಟೆಯೊಳಗೆ, 300ನ್ನ 20 ಗಂಟೆಯೊಳಗೆ, 600ನ್ನ 40 ಗಂಟೆಯೊಳಗೆ ಮುಗಿಸೋದು. ಅವಳ ರೂಮಲ್ಲಿ ಪದಕ ನೇತಾಡ್ತಿದ್ರೆ, ರಾತ್ರಿ ಹೊತ್ತು ಲೈಟ್ ಹಾಕ್ಕೊಂಡು ಸೈಕಲ್ ಹೊಡೆದ ಫೋಟೋ ಸ್ಟೇಟಸ್‌ನಾಗೆ ಇದ್ರೆ ಈ ಗುಂಪು ಅಂತ ತಿಳ್ಕೊಳ್ರಿ. ಇಂಥೋಳಿಗೆ ಬೇಕಾದ್ದೆಲ್ಲಾ ಆಗಲೇ ಇರುತ್ತೆ, ಅದೂ ನೀವು ತಗೊಳ್ಳೋದಕ್ಕಿಂತ ಒಳ್ಳೇದೇ ಇರುತ್ತೆ. ಆಗ ಸಾಮಾನು ಬಿಟ್ಟು, ಖರ್ಚಾಗಿ ಹೋಗೋ ವಸ್ತು ಇಲ್ಲಾ ಸರ್ವಿಸ್ ಕಡೆ ಯೋಚನೆ ಮಾಡ್ರಿ.

ಹಂತ 3: ಮದುವೆ ಆದ್ಮೇಲೆ ಸೈಕಲ್ ಎಲ್ಲಿಗೆ ಹೋಗುತ್ತೆ?

ಇದನ್ನ ಯಾರೂ ಕೇಳಲ್ಲ. ನನ್ ಪ್ರಕಾರ ಇಡೀ ಗಿಫ್ಟು ನಿಂತಿರೋದೇ ಇದರ ಮೇಲೆ.

ಆಗೋದು ಏನಂದ್ರೆ, ಹುಡುಗಿ ಗಂಡನ ಮನೆಗೆ ಹೋಗ್ತಾಳೆ, ಸೈಕಲ್ ತವರಲ್ಲೇ ಉಳಿಯುತ್ತೆ. "ಆಷಾಢಕ್ಕೆ ಬರ್ತೀನಲ್ಲ, ಆವಾಗ ತಗೊಂಡ್ ಹೋಗ್ತೀನಿ" ಅಂತಾಳೆ. ಆಷಾಢಕ್ಕೆ ಬರ್ತಾಳೆ, ಮಳೆ, ಗಾಳಿ, ನೆಂಟರು, ಆಗಲ್ಲ. ದೀಪಾವಳಿ ಹೊತ್ತಿಗೆ ಟ್ಯೂಬ್ ಗಾಳಿ ಇಳಿದು ಟೈರು ಮಡಚ್ಕೊಂಡಿರುತ್ತೆ, ಹ್ಯಾಂಡಲ್ ಮೇಲೆ ಯಾರೋ ಟವೆಲ್ ಒಣ ಹಾಕಿರ್ತಾರೆ. ಇಂಥ ಸೈಕಲ್ಲಿಗೆ ನೀವು ದಾರಿ, ವೇಗ ತೋರಿಸೋ ಹತ್ತು ಸಾವಿರದ ಜಿಪಿಎಸ್ ಕೊಟ್ಟು ಏನ್ ಪ್ರಯೋಜನ?

ಹಂಗಾಗಿ ಮೊದಲು ಕೇಳ್ರಿ: ಊರಲ್ಲೇ ಇರ್ತಾಳಾ, ಬೆಂಗಳೂರಾ, ಬೇರೆ ರಾಜ್ಯನಾ? ಮನೆ ನೆಲಮನೆನಾ, ಮೂರನೇ ಫ್ಲೋರ್ ಅಪಾರ್ಟ್‌ಮೆಂಟಾ, ಲಿಫ್ಟ್ ಐತಾ? ಸ್ವಂತದ್ದಾ, ಬಾಡಿಗೆದಾ?

ಉತ್ತರ ನೋಡಿದ ತಕ್ಷಣ ಗಿಫ್ಟು ಅರ್ಧ ಗೊತ್ತಾಗುತ್ತೆ. ಬೆಂಗಳೂರಿಗೆ ಹೋಗ್ತಾಳೆ ಅಂದ್ರೆ ಸೈಕಲ್ ಸಾಗಿಸೋ ಬ್ಯಾಗೇ ದೊಡ್ಡ ಗಿಫ್ಟು, ಎರಡೂ ಚಕ್ರ ಬಿಚ್ಚಿ ಒಳಗಿಟ್ರೆ ಕಾರಿನ ಹಿಂದಿನ ಸೀಟಲ್ಲಿ ಕೂರುತ್ತೆ, ರೈಲ್ವೆ ಸ್ಟೇಷನ್ ಪಾರ್ಸೆಲ್ ಆಫೀಸಲ್ಲಿ ಬುಕ್ ಮಾಡಿನೂ ಕಳಿಸಬಹುದು. ಬಾಡಿಗೆ ಮನೆ ಅಂದ್ರೆ ಗೋಡೆಗೆ ಡ್ರಿಲ್ ಹೊಡಿಯೋ ಹ್ಯಾಂಗರ್ ಬೇಡ, ಓನರ್ ಜೊತೆ ಜಗಳ ಆಗುತ್ತೆ, ನೆಲದ ಮೇಲೆ ಇಡೋ ಸ್ಟ್ಯಾಂಡ್ ತಗೊಳ್ರಿ. ಸೈಕಲ್ಲು ಕೆಳಗಡೆ ಪಾರ್ಕಿಂಗ್‌ನಾಗೇ ನಿಲ್ಲಬೇಕು ಅಂದ್ರೆ ಗಟ್ಟಿ ಲಾಕು ಮತ್ತೆ ಧೂಳಿಗೆ ಕವರು.

ಬಿಚ್ಚಿ ಸಾಗಿಸೋರಿಗೆ ಎರಡು ಮಾತು ಚೀಟೀಲಿ ಬರೆದು ಬ್ಯಾಗೊಳಗೆ ಹಾಕ್ರಿ. ಎಡಗಡೆ ಪೆಡ್ಲಿನ ತಿರುಪು ಉಲ್ಟಾ ಇರುತ್ತೆ, ಗಡಿಯಾರದ ಮುಳ್ಳು ತಿರುಗೋ ಕಡೆ ತಿರುಗಿಸಿದ್ರೇನೇ ಬಿಚ್ಚೋದು, ಇದು ಗೊತ್ತಿಲ್ದೆ ಜೋರು ಹಾಕಿ ತಿರುಪು ಹಾಳು ಮಾಡಿದೋರು ಎಷ್ಟೋ ಜನ. ಆಯಿಲ್ ಡಿಸ್ಕ್ ಬ್ರೇಕ್ ಇದ್ರೆ ಚಕ್ರ ಬಿಚ್ಚಿದ್ಮೇಲೆ ಬ್ರೇಕ್ ಒತ್ತಲೇಬಾರದು, ಪ್ಯಾಡ್ ಎರಡೂ ಹತ್ರ ಬಂದು ಅಂಟ್ಕೊಂಡ್ರೆ ಡಿಸ್ಕು ಮತ್ತೆ ಒಳಗೆ ಹೋಗಲ್ಲ. ನಡುವೆ ಒಂದು ರಟ್ಟಿನ ತುಂಡು ಇಟ್ರೆ ಸಾಕು.

ಹಂತ 4: ಸೈಕಲ್ಲಿನ ಆರು ಫೋಟೋ ತರಿಸಿ

ತಮ್ಮನಿಗೆ ಹೇಳ್ರಿ, ಅಕ್ಕ ಬ್ಲೌಸ್ ಹೊಲಿಸಕ್ಕೆ ಹೋದಾಗ ಐದು ನಿಮಿಷದ ಕೆಲಸ. ದೂರದಿಂದ ಇಡೀ ಸೈಕಲ್ ಫೋಟೋ ಒಂದೇ ಕಳಿಸಿದ್ರೆ ಉಪಯೋಗ ಇಲ್ಲ, ಹತ್ರದಿಂದ ಬೇಕು.

1. ಟೈರಿನ ಪಕ್ಕದಲ್ಲಿ ಬರೆದಿರೋ ನಂಬರ್. 700x28, 27.5x2.1 ಅಂತ ಏನಾದ್ರೂ ಇರುತ್ತೆ. ಅದರ ಪಕ್ಕದಲ್ಲೇ 28-622 ಅನ್ನೋ ಥರ ಸಣ್ಣಕ್ಷರದಲ್ಲಿ ಇನ್ನೊಂದು ಇರುತ್ತೆ, ನಂಬಬೇಕಾದ್ದು ಅದನ್ನ. ಕೊನೇ ಮೂರು ಅಂಕಿ ರಿಮ್ಮಿನ ಅಳತೆ: 26 ಇಂಚಿನ ಎಂಟಿಬಿಗೆ (ದಪ್ಪ ಟೈರಿನ ಮೌಂಟೇನ್ ಸೈಕಲ್ಲು) 559, 27.5ಕ್ಕೆ 584, 700ಸಿ ಮತ್ತೆ 29 ಇಂಚು ಎರಡಕ್ಕೂ 622.

2. ಗಾಳಿ ಹೊಡಿಯೋ ವಾಲ್ವು. ದಪ್ಪಗೆ ಬೈಕು ಕಾರಿನ ಥರ ಇದ್ರೆ ಶ್ರೇಡರ್. ಸಣ್ಣಗೆ ಉದ್ದಕ್ಕೆ, ತುದೀಲಿ ಪುಟ್ಟ ನಟ್ಟು ಇದ್ರೆ ಪ್ರೆಸ್ಟಾ. ಹಳೇ ಕಾಲದ ದೊಡ್ಡ ಸೈಕಲ್ಲಿನ ಥರ ಇದ್ರೆ ಅದು ಮೂರನೇ ಜಾತಿ. ಪ್ರೆಸ್ಟಾ ವಾಲ್ವಿಗೆ ನಮ್ಮ ಮಾಮೂಲಿ ಪಂಚರ್ ಅಂಗಡಿ ಪಂಪು ಕೂರಲ್ಲ, ನಡುವೆ ಹಾಕೋ ಒಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ಬೇಕು. ಅಗ್ಗದ ವಸ್ತು, ಆದ್ರೆ ಆನಗೋಡಲ್ಲಿ ಮಧ್ಯಾಹ್ನ ಪಂಚರ್ ಆಗಿ ನಿಂತಾಗ ಅದರ ಬೆಲೆ ಗೊತ್ತಾಗೋದು. ಯಾವ ಗಿಫ್ಟೇ ಕೊಡ್ರಿ, ಪ್ರೆಸ್ಟಾ ಇದ್ರೆ ಇದೊಂದನ್ನ ಜೊತೆಗೆ ಹಾಕ್ರಿ.

3. ಹ್ಯಾಂಡಲ್, ಎದುರಿನಿಂದ. ಲೈಟು, ಫೋನ್ ಹೋಲ್ಡರ್ ಆಗಲೇ ಇದಾವಾ, ಹೊಸದಕ್ಕೆ ಜಾಗ ಐತಾ ನೋಡಕ್ಕೆ.

4. ಪೆಡ್ಲು, ಮೇಲಿಂದ. ಚಪ್ಪಟೆನಾ, ಶೂ ಲಾಕ್ ಆಗೋದಾ.

5. ಬಾಟಲ್ ಕೂರಿಸೋ ಜಾಗ. ಫ್ರೇಮಿನ ಮೇಲೆ ಎರಡು ಬೋಲ್ಟ್ ಇರಬೇಕು. ಸಣ್ಣ ಫ್ರೇಮ್ ಆದ್ರೆ ದೊಡ್ಡ ಬಾಟಲ್ ಮೇಲಿನ ಪೈಪಿಗೆ ತಾಗುತ್ತೆ, ಅದಕ್ಕೆ ಪಕ್ಕದಲ್ಲಿ ಒಂದು ಮಾಮೂಲಿ ನೀರಿನ ಬಾಟಲ್ ಹಿಡಿದು ಫೋಟೋ ತೆಗೆಯಕ್ಕೆ ಹೇಳ್ರಿ.

6. ಸೀಟಿನ ಕೆಳಗೆ. ಪುಟ್ಟ ಬ್ಯಾಗ್ ಐತಾ, ಹಿಂದಿನ ಕೆಂಪು ಲೈಟ್ ಐತಾ.

ಈ ಆರು ಫೋಟೋ ನಿಮ್ಮ ಫೋನಿಗೆ ಬರೋ ತನಕ ಏನೂ ಆರ್ಡರ್ ಮಾಡ್ಬೇಡಿ. "ಮಾಮೂಲಿ ಸೈಜೇ ಇರುತ್ತೆ ಬಿಡಣ್ಣ" ಅಂತ ಯಾರಾದ್ರೂ ಅಂದ್ರೆ ಅದೇ ಡೇಂಜರ್ ಸಿಗ್ನಲ್, ಸೈಕಲ್ಲಲ್ಲಿ ಮಾಮೂಲಿ ಸೈಜ್ ಅನ್ನೋದೇ ಇಲ್ಲ.

ಹಂತ 5: ಈಗ ಅಂಗಡಿ. ಮೊದಲು ಏನು ಬೇಡ ಅನ್ನೋದು

ನಾನೇ ಎಡವಿದ್ದನ್ನ ಹೇಳ್ತೀನಿ. ನಮ್ಮ ಸಂಬಂಧದಲ್ಲೇ ಒಬ್ಬ ಹುಡುಗಿ ಮದುವೆಗೆ ಲಾಕ್ ಆಗೋ ಸೈಕ್ಲಿಂಗ್ ಶೂ ತಗೊಂಡ್ ಹೋಗಿದ್ದೆ, ಕಾಲಿನ ಸೈಜ್ ಕೇಳಿ, ಪಕ್ಕಾ ಮಾಡ್ಕೊಂಡು, ಭಾರೀ ಖುಷಿಯಿಂದ. ಮೊದಲನೇ ತಪ್ಪು, ಶೂ ಅಡಿಗೆ ಮೂರು ಬೋಲ್ಟಿನ ತೂತು ಇತ್ತು, ಅವಳ ಪೆಡ್ಲು ಶೂ ಅಡಿಗೆ ಎರಡು ಬೋಲ್ಟಲ್ಲಿ ಕೂರೋ ಲಾಕ್ ತುಂಡಿನ, ಅಂದ್ರೆ ಕ್ಲೀಟ್‌ದು, ಎರಡಕ್ಕೂ ಸಂಬಂಧನೇ ಇಲ್ಲ. ಎರಡನೇದು ನನ್ ತಲೆಗೆ ಹೊಳೆದೇ ಇರಲಿಲ್ಲ: ಕಾಲುಂಗುರ. ಆ ಶೂಗಳು ಮುಂದೆ ಕಿರಿದು, ಗಟ್ಟಿ, ಮದುವೆಗೆ ಮುಂಚೆ ಸರಿಯಾಗಿದ್ದ ಸೈಜು ಕಾಲುಂಗುರ ಹಾಕಿದ್ಮೇಲೆ ಒತ್ತುತ್ತೆ. ಆ ಶೂ ಇನ್ನೂ ಡಬ್ಬಿಯಲ್ಲೇ ಐತೆ.

ಅವತ್ತಿಂದ ನನ್ ರೂಲು: ಮೈಗೆ ತಾಗೋದು ಯಾವುದನ್ನೂ ಕೇಳದೇ ಕೊಡಬಾರದು. ಸೀಟು ಬೇಡ, ಅದು ಕೂರೋ ಮೂಳೆಯ ಅಗಲದ ಮೇಲೆ ಹೋಗುತ್ತೆ, ಒಬ್ಬರಿಗೆ ಸ್ವರ್ಗ ಇನ್ನೊಬ್ಬರಿಗೆ ಗಾಯ. ಪ್ಯಾಡ್ ಇರೋ ಶಾರ್ಟ್ಸ್ ಬೇಡ, ಸೈಜಿನ ಸಮಸ್ಯೆ ಒಂದಾದ್ರೆ ಅತ್ತೆ ಮನೆಯೋರೆಲ್ಲ ಕೂತು ಗಿಫ್ಟ್ ಬಿಚ್ಚೋವಾಗ ಅದು ಹೊರಗೆ ಬಂದ್ರೆ ಆ ಹುಡುಗಿ ಮುಖ ನೆನೆಸ್ಕೊಳ್ರಿ. ಜೆರ್ಸಿನೂ ಕಷ್ಟನೇ, ಮೈಗೆ ಅಂಟೋ ರೇಸ್ ಫಿಟ್ ಆದ್ರೆ ಮಾಮೂಲಿ ಮೀಡಿಯಂ ಹಾಕೋರಿಗೆ ಲಾರ್ಜ್ ಬೇಕಾಗುತ್ತೆ. ಗ್ಲೌಸ್ ಕೊಡ್ಲೇಬೇಕು ಅಂದ್ರೆ ಮಣಿಕಟ್ಟಲ್ಲಿ ವೆಲ್ಕ್ರೋ ಇರೋ ಅರ್ಧ ಬೆರಳಿಂದು ಆಗಲಿ, ಎಳೆದು ಏರಿಸೋ ಉದ್ದದ್ದು ಹೊಸ ಬಳೆ ಇರೋ ಕೈಗೆ ಆಗಲ್ಲ.

ಹೆಲ್ಮೆಟ್ ಒಂದಕ್ಕೆ ವಿನಾಯ್ತಿ ಐತೆ, ಅಳತೆ ಸಿಕ್ರೆ ಮಾತ್ರ. ಹುಬ್ಬಿನಿಂದ ಎರಡು ಸೆಂಟಿಮೀಟರ್ ಮೇಲೆ ಟೇಪು ಸುತ್ತಿ ಅಳೀಬೇಕು, ಗೆಳತಿ ಕೈಲಿ ಆಟ ಆಡೋ ಥರ ಅಳೆಸ್ರಿ. ಒಳಗಡೆ ಸ್ಟಿಕ್ಕರ್ ಮೇಲೆ ಇಎನ್ 1078 ಇಲ್ಲಾ ಸಿಪಿಎಸ್‌ಸಿ ಅಂತ ಇರಬೇಕು, ಅದು ಸೈಕಲ್ ಹೆಲ್ಮೆಟ್ಟಿನ ಟೆಸ್ಟು. ಬೈಕ್ ಹೆಲ್ಮೆಟ್ಟಿನ ಐಎಸ್‌ಐ ಮಾರ್ಕ್ ಹುಡುಕ್ತಾ ಕೂರಬೇಡಿ. ಹಿಂದೆ ಬಿಗಿ ಮಾಡೋ ಗಾಲಿ ಇರೋದು, ಜಡೆ ಹೊರಗೆ ಬಿಡೋಕೆ ಜಾಗ ಇರೋದು ನೋಡ್ರಿ. ಬಣ್ಣ ಕಪ್ಪು ಬೇಡ, ರೋಡಲ್ಲಿ ಕಾಣಲ್ಲ ಅನ್ನೋದು ಒಂದು, ಮದುವೆ ಮನೆಗೆ ಕರೀದು ತಂದಾನೆ ಅಂತ ಯಾರಾದ್ರೂ ಅಜ್ಜಿ ಗೊಣಗೋದು ಇನ್ನೊಂದು.

ಹಂತ 6: ನಿಮ್ಮ ದುಡ್ಡಿಗೆ ತಕ್ಕಂಗೆ ಆರಿಸ್ರಿ

ಐನೂರೊಂದು, ಸಾವಿರದೊಂದು ಮುಯ್ಯಿ ಮಾಡೋರ ಬಜೆಟ್ಟಲ್ಲಿ ಬರೋವು: ರಿಮ್ಮಿಂದ ಟೈರ್ ಬಿಚ್ಚೋ ಲಿವರ್ ಮತ್ತೆ ಪಂಚರ್ ಕಿಟ್, ಅವಳ ಸೈಜಿನ ಎರಡು ಟ್ಯೂಬು, ಆ ಹಿತ್ತಾಳೆ ಅಡಾಪ್ಟರು, ಸೀಟಿನ ಕೆಳಗಿನ ಪುಟ್ಟ ಬ್ಯಾಗು. ಬಿಡಿಬಿಡಿಯಾಗಿ ನೋಡಿದ್ರೆ ಏನೂ ಅಲ್ಲ ಅನಿಸುತ್ತೆ, ಆ ಬ್ಯಾಗಿನೊಳಗೆ ಎಲ್ಲಾ ಜೋಡಿಸಿ ಕೊಟ್ರೆ ಬೆಳ್ಳಿ ಬಟ್ಟಲಿಗಿಂತ ಜಾಸ್ತಿ ಸಲ ಕೈಗೆ ಬರುತ್ತೆ.

ಎರಡು ಮೂರು ಸಾವಿರ ಇದ್ರೆ ನನ್ನ ಓಟು ಮೀಟರ್ ಇರೋ ನಿಂತು ಹೊಡಿಯೋ ಗಾಳಿ ಪಂಪಿಗೆ. ಶ್ರೇಡರ್, ಪ್ರೆಸ್ಟಾ ಎರಡೂ ವಾಲ್ವಿಗೆ ಕೂರೋ ತಲೆ ಇರಬೇಕು. ತೆಳ್ಳನೆ ಟೈರಿನ ರೋಡ್ ಸೈಕಲ್ಲಿಗೆ ಗಾಳಿ ಒತ್ತಡ 80, 100 ಪಿಎಸ್‌ಐ ತನಕ ಬೇಕಾಗುತ್ತೆ, ಎಂಟಿಬಿಗೆ 30ರಿಂದ 40 ಸಾಕು, ಬೆರಳಲ್ಲಿ ಒತ್ತಿ ನೋಡಿ ಇದನ್ನ ಹೇಳಕ್ಕಾಗಲ್ಲ. ಹೊಸ ಊರಲ್ಲಿ ಪಂಚರ್ ಅಂಗಡಿ ಎಲ್ಲೈತೆ ಅಂತ ಹುಡುಕೋ ಕೆಲಸನೂ ತಪ್ಪುತ್ತೆ. ಇದರ ಜೊತೆಗೆ ಅಲೆನ್ ಕೀ ಇರೋ ಮಲ್ಟಿ ಟೂಲ್ ಸೇರಿಸಿದ್ರೆ ಚೆಂದ, ಟಿ25 ನಕ್ಷತ್ರ ತುದಿ ಮತ್ತೆ ಚೈನ್ ಬಿಚ್ಚೋದು ಎರಡೂ ಇರೋದು ನೋಡ್ರಿ.

ನಮ್ ಕಡೆಯೋರಿಗೆ ಒಂದು ವಿಶೇಷ. ದಾವಣಗೆರೆ ಬಿಟ್ಟು ಯಾವ ಕಡೆ ಹೋದ್ರೂ ರೋಡ್ ಪಕ್ಕ ಬಳ್ಳಾರಿ ಜಾಲಿ, ಚಿತ್ರದುರ್ಗದ ಕಡೆ ಕೇಳೋದೇ ಬೇಡ. ಆ ಮುಳ್ಳು ಸಣ್ಣ ಟೈರೊಳಗೆ ಸೂಜಿ ಹೋದಂಗೆ ಹೋಗುತ್ತೆ. ಅವಳು ಇಲ್ಲೇ ಇರ್ತಾಳೆ ಅಂದ್ರೆ ಪಂಚರ್ ತಡಿಯೋ ಪಟ್ಟಿ ಇರೋ ಟೈರ್ ಒಂದು ಜೊತೆ ಬಹಳ ಒಳ್ಳೇ ಗಿಫ್ಟು, ಶ್ವಾಲ್ಬೆ ಮ್ಯಾರಥಾನ್ ಥರದ್ದು. ತೂಕ ಜಾಸ್ತಿ, ಜೋರಾಗಿ ಹೋಗೋರಿಗೆ ಹಿಡಿಸಲ್ಲ, ಅದನ್ನ ಹಂತ 2ರಲ್ಲಿ ತಿಳ್ಕೊಂಡಿರ್ತೀರಲ್ಲ. ಇನ್ನು ಕೋಟೆ ಊರು ಚಿತ್ರದುರ್ಗದಲ್ಲಿ ಗಾಳಿ, ಬೆಟ್ಟದ ಮೇಲೆ ಕರೆಂಟ್ ತೆಗೆಯೋ ಗಾಳಿ ಫ್ಯಾನು ಸುಮ್ನೆ ನಿಲ್ಲಿಸಿಲ್ಲ, ಆಷಾಢದಾಗೆ ಎದುರು ಗಾಳಿಗೆ ಸೈಕಲ್ ಹೊಡೆದೋರಿಗೆ ಗೊತ್ತು. ಮಡಚಿ ಜೇಬಲ್ಲಿಡೋ ತೆಳ್ಳನೆ ವಿಂಡ್‌ಚೀಟರ್ ಒಂದು ಸೈಜ್ ದೊಡ್ಡದಿದ್ರೂ ನಡಿಯುತ್ತೆ, ಬಟ್ಟೆ ಕೊಡಬೇಕು ಅನ್ನೋ ಆಸೆ ಇರೋರು ಇದನ್ನ ತಗೋಬಹುದು.

ಲೈಟ್ ತಗೊಳ್ಳೋರು ಹುಷಾರು. ಬೀದಿದೀಪ ಇಲ್ಲದ ರೋಡಿಗೆ ಮುಂದಿನ ಲೈಟಿನ ಬೆಳಕು 400 ಲ್ಯೂಮೆನ್ ಆದ್ರೂ ಇರಬೇಕು, ಹಿಂದೆ ಕೆಂಪು ಲೈಟು ಬೇಕೇ ಬೇಕು. ಆನ್‌ಲೈನಲ್ಲಿ ಮುನ್ನೂರು ರೂಪಾಯಿಗೆ "10,000 ಲ್ಯೂಮೆನ್" ಅಂತ ಹಾಕಿರ್ತಾರೆ, ನೋಡಿದ ತಕ್ಷಣ ಪೇಜ್ ಮುಚ್ರಿ. ಬ್ಯಾಟರಿ ಎಷ್ಟು ಗಂಟೆ ಬರುತ್ತೆ, ಯಾವ ಬೆಳಕಿನ ಮಟ್ಟದಲ್ಲಿ ಬರುತ್ತೆ ಅಂತ ಬರೆದಿಲ್ದೇ ಇರೋದನ್ನ ತಗೋಬೇಡಿ.

ಹತ್ತು ಸಾವಿರದ ಮೇಲೆ ಹೋದ್ರೆ ಒಬ್ಬರೇ ಕೊಡೋದಕ್ಕಿಂತ ಗೆಳೆಯರೆಲ್ಲಾ ಸೇರಿ ಕೊಡ್ರಿ. ಜಿಪಿಎಸ್ ಕಂಪ್ಯೂಟರ್ ಆಗಬಹುದು, ಸಾಗಿಸೋ ಬ್ಯಾಗ್ ಆಗಬಹುದು. ಬೇರೆ ಊರಿಗೆ ಹೋಗೋಳಿಗೆ ನಾನು ಯಾವಾಗ್ಲೂ ಹೇಳೋದು ಬ್ಯಾಗ್ ಜೊತೆಗೆ ಆ ಊರಿನ ಒಂದು ಸೈಕಲ್ ಅಂಗಡಿಗೆ ಫೋನ್ ಮಾಡಿ ಒಂದು ಫುಲ್ ಸರ್ವಿಸ್‌ಗೆ ಮುಂಗಡ ಕೊಟ್ಟು ರಸೀದಿ ತರಿಸಿ ಅಂತ. ಬಿಚ್ಚಿ ತಂದ ಸೈಕಲ್ಲನ್ನ ಜೋಡಿಸೋರು ಸಿಕ್ರೆ ಮೊದಲನೇ ವಾರದಲ್ಲೇ ರೋಡಿಗೆ ಇಳಿಯುತ್ತೆ, ಸಿಗದಿದ್ರೆ ಬ್ಯಾಗೊಳಗೇ ವರ್ಷ ಕಳೆಯುತ್ತೆ.

ಹೊಸ ಸೈಕಲ್ಲೇ ಕೊಡಬೇಕು ಅಂತ ಹಟ ಇದ್ರೆ

ಸರ್‌ಪ್ರೈಸ್ ಬೇಡ. ಸೈಕಲ್ ಇರೋಳಿಗೆ ಇನ್ನೊಂದು ಬೇಕಾ ಅನ್ನೋದೇ ಮೊದಲನೇ ಪ್ರಶ್ನೆ, ಬೇಕು ಅಂದ್ರೂ ಫ್ರೇಮ್ ಸೈಜನ್ನ ಎತ್ತರ ನೋಡಿ ಹೇಳಕ್ಕಾಗಲ್ಲ. ಬರಿಗಾಲಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿ, ಕಾಲ ಸಂದಿಗೆ ಒಂದು ಪುಸ್ತಕ ಮೇಲಕ್ಕೊತ್ತಿ ಹಿಡಿದು, ನೆಲದಿಂದ ಅದರ ಅಂಚಿಗೆ ಅಳೀಬೇಕು. ರೋಡ್ ಸೈಕಲ್ಲಿಗಾದ್ರೆ ಅದನ್ನ 0.67ರಿಂದ ಗುಣಿಸಿ, 74 ಸೆಂಟಿಮೀಟರ್ ಬಂದ್ರೆ ಸುಮಾರು 50ರ ಫ್ರೇಮು. ಇದು ಶುರು ಮಾಡೋಕೆ ಅಷ್ಟೇ, ಹತ್ತಿ ಕೂತು ನೋಡದೇ ದುಡ್ಡು ಕೊಡಬಾರದು. ಅದಕ್ಕೆ ಮಂಟಪದಲ್ಲಿ ಒಂದು ಕಾರ್ಡು ಕೊಟ್ಬಿಡಿ, ಮದುವೆ ಗಲಾಟೆ ಮುಗಿದ್ಮೇಲೆ ಅವಳನ್ನೇ ಕರ್ಕೊಂಡು ಹೋಗಿ ಆರಿಸಕ್ಕೆ ಬಿಡ್ರಿ.

ಹಂತ 7: ಮನೆಗೆ ಬಂದ ದಿನಾನೇ ಬಿಚ್ಚಿ ನೋಡ್ರಿ

ಪ್ಯಾಕ್ ಚೆಂದ ಐತೆ ಅಂತ ಹಂಗೇ ಇಟ್ಟು ಮದುವೆ ದಿನ ಕೊಡೋದು ದೊಡ್ಡ ತಪ್ಪು, ಅಷ್ಟೊತ್ತಿಗೆ ರಿಟರ್ನ್ ದಿನ ಮುಗಿದಿರುತ್ತೆ. ಲೈಟ್ ಆದ್ರೆ ಪೂರ್ತಿ ಚಾರ್ಜ್ ಮಾಡಿ ಕತ್ತಲಲ್ಲಿ ಹಚ್ಚಿ ಬಿಡ್ರಿ, ಹೇಳಿದಷ್ಟು ಹೊತ್ತು ಬರುತ್ತಾ ಅಂತ. ಪಂಪನ್ನ ನಿಮ್ಮನೆ ಸೈಕಲ್ಲಿಗೋ ಬೈಕಿಗೋ ಹೊಡೆದು ನೋಡ್ರಿ, ತಲೆ ಹತ್ರ ಪುಸ್ ಅಂತ ಗಾಳಿ ಸೋರಿದ್ರೆ ವಾಪಸ್. ಟ್ಯೂಬ್ ಡಬ್ಬಿ ಮೇಲಿನ ನಂಬರನ್ನ ಆ ಮೊದಲನೇ ಫೋಟೋ ಜೊತೆ ಇಟ್ಟು ಓದ್ರಿ, ವಾಲ್ವೂ ಸೇರಿಸಿ. ಹೆಲ್ಮೆಟ್ಟಿನ ಬಿಳಿ ಥರ್ಮಾಕೋಲಲ್ಲಿ ಕೂದಲೆಳೆಯಷ್ಟು ಬಿರುಕಿದ್ರೂ ತಗೋಬೇಡಿ.

ಬಿಲ್ಲನ್ನ ಹರೀಬೇಡಿ. ರೇಟ್ ಕಾಣಬಾರದು ಅಂದ್ರೆ ಬೇರೆ ಕವರಲ್ಲಿ ಹಾಕಿ ತಮ್ಮನ ಕೈಗೆ ಕೊಡ್ರಿ, ವಾರಂಟಿಗೆ ಅದು ಬೇಕೇ ಬೇಕು.

ಹಂತ 8: ಕೊಡೋದು ಯಾವಾಗ, ಹೆಂಗೆ

ಪಂಪು, ಸ್ಟ್ಯಾಂಡು, ಬ್ಯಾಗು ಇಂಥ ದೊಡ್ಡ ಸಾಮಾನನ್ನ ರಿಸೆಪ್ಷನ್ ಸ್ಟೇಜ್ ಮೇಲೆ ಹೊತ್ಕೊಂಡು ಹೋಗ್ಬೇಡಿ. ಹಿಂದೆ ಕ್ಯೂ ನಿಂತಿರುತ್ತೆ, ಫೋಟೋದವನು "ಸೈಡಿಗೆ ಇಡಿ ಸಾರ್" ಅಂತಾನೆ, ಆಮೇಲೆ ಅದು ಗೋಡೆ ಗಡಿಯಾರ, ಡಿನ್ನರ್ ಸೆಟ್ಟುಗಳ ರಾಶಿಯೊಳಗೆ ಸೇರಿ ಯಾರ ಮನೆಗೆ ಹೋಯ್ತೋ ಗೊತ್ತಾಗಲ್ಲ. ಸ್ಟೇಜ್ ಮೇಲೆ ಅಕ್ಕಿಕಾಳು ಹಾಕಿ ಒಂದು ಕವರ್ ಕೊಡ್ರಿ, ಒಳಗೆ ಸಾಮಾನಿನ ಫೋಟೋ ಮತ್ತೆ ನಿಮ್ ಹೆಸರು. ಸಾಮಾನು ಹಿಂದಿನ ದಿನವೇ ಮನೆಗೆ ಮುಟ್ಟಿಸಿ, ಗಂಡನ ಮನೆಗೆ ಹೋಗೋ ಗಾಡಿಗೆ ಅದನ್ನ ಹಾಕೋದು ತಮ್ಮನ ಜವಾಬ್ದಾರಿ ಅಂತ ಮೊದಲೇ ಹೇಳಿಡ್ರಿ. ಡಬ್ಬಿ ಮೇಲೆ ಮಾರ್ಕರಲ್ಲಿ ದೊಡ್ಡದಾಗಿ ಹುಡುಗಿ ಹೆಸರು ಬರೀರಿ.

ಮನೇಲಿ ಹಿರಿಯರು ಕಬ್ಬಿಣದ ಸಾಮಾನು ಮದುವೆಗೆ ಬೇಡ ಅನ್ನೋರಿದ್ರೆ ವಾದ ಮಾಡ್ಬೇಡಿ, ಎಲೆ ಅಡಿಕೆ, ಒಂದು ರೂಪಾಯಿ ನಾಣ್ಯ, ಒಂದು ಬ್ಲೌಸ್ ಪೀಸ್ ಜೊತೆಗಿಟ್ಟು ಕೊಟ್ರೆ ಅವರೇ ಸುಮ್ನಾಗ್ತಾರೆ. ಮಲ್ಟಿ ಟೂಲನ್ನ ಬ್ಯಾಗೊಳಗೆ ಹಾಕಿದ್ರೆ ಕಾಣೋದೂ ಇಲ್ಲ.

ಹದಿನೈದು ದಿನ ಬಿಟ್ಟು ಒಂದು ಮೆಸೇಜ್ ಹಾಕ್ರಿ. "ಗಿಫ್ಟ್ ಇಷ್ಟ ಆಯ್ತಾ" ಅಂತ ಕೇಳಿದ್ರೆ ಯಾರಾದ್ರೂ ಹೂಂ ಅಂತಾನೇ ಅನ್ನೋದು, "ಸೈಕಲ್ಲಿಗೆ ಕೂತ್ಕೊಂತಾ, ಫೋಟೋ ಹಾಕಮ್ಮ" ಅಂತ ಕೇಳ್ರಿ. ಫೋಟೋ ಬರಲಿಲ್ಲ ಅಂದ್ರೆ ತಮ್ಮನಿಗೆ ಫೋನ್ ಹಚ್ರಿ, ಬಿಲ್ ಅವನ ಹತ್ರ ಐತೆ.